ಪಟ್ಟಿ ಅಕ್ಕ ಮತ್ತು ಮಾತಿನಮಲ್ಲಿ

ಮಕ್ಕಳ ವಾರ್ಡಿನಲ್ಲಿ ಆ ನರ್ಸಮ್ಮನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಇಪ್ಪತ್ತೆರಡು ವರ್ಷ ಗಾಯಗಳಿಗೆ ಪಟ್ಟಿ ಕಟ್ಟಿ ಕಟ್ಟಿ ಎಲ್ಲರ ಬಾಯಲ್ಲೂ ಪಟ್ಟಿ ಅಕ್ಕ ಆಗಿಬಿಟ್ಟಿದ್ದಳು. ಮೂರನೇ ಮಹಡಿಯಲ್ಲಿ ಅವಳು ನಕ್ಕರೆ ಕೆಳಗೆ ಔಷಧಿ ಕಿಟಕಿಯವನು ತಲೆಯೆತ್ತಿ ನೋಡಬೇಕು, ಅಂಥ ನಗು. ಹೊಸ ನರ್ಸುಗಳಿಗೆ ಅವಳ ಮೊದಲ ಪಾಠ ಒಂದೇ: ಮಗುವನ್ನು ಮುಟ್ಟುವ ಮುಂಚೆ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ.

ಒಂದು ಸೋಮವಾರ ಬೆಳಗ್ಗೆ ಬಸ್ ಡ್ರೈವರೊಬ್ಬ ಖಾಕಿ ಬಟ್ಟೆಯಲ್ಲೇ ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ಬಂದ. ಹಿಂದೆಯೇ ಏದುಸಿರು ಬಿಡುತ್ತ ಅವನ ತಾಯಿ. ಹುಡುಗಿಯ ಎಡ ದವಡೆಯ ಕೆಳಗೆ ನಿಂಬೆಹಣ್ಣಿನಷ್ಟು ಗಡ್ಡೆ. ಕೆಂಡದಂತೆ ಕೆಂಪು, ಮುಟ್ಟಿದರೆ ಕಾವು. ಕತ್ತು ಒಂದು ಪಕ್ಕಕ್ಕೆ ವಾಲಿತ್ತು.

"ಇವಳ ಬಾಯಿಗೆ ಬೀಗ ಹಾಕೋಕೇ ಆಗ್ತಿರಲಿಲ್ಲ ಕಣಮ್ಮ," ಎಂದಳು ಅಜ್ಜಿ. "ಮೂರು ದಿನದಿಂದ ತುಟಿಪಿಟಕ್ ಅಂದಿಲ್ಲ. ಮನೆಯೆಲ್ಲ ಬಿಕೋ ಅಂತಿದೆ. ಹಿಸುಕಿ ತೆಗೀತೀನಿ ಅಂದ್ರೆ ಇವನು ಬಿಡಲಿಲ್ಲ."

"ಬಿಡದೇ ಇದ್ದದ್ದೇ ಒಳ್ಳೇದಾಯ್ತಜ್ಜಿ. ಹಿಸುಕಿದ್ರೆ ಸೋಂಕು ಇನ್ನೂ ಹರಡೋದು," ಎಂದಳು ಪಟ್ಟಿ ಅಕ್ಕ.

ವಾರ್ಡಿನ ಎಳೆಯ ಡಾಕ್ಟರಮ್ಮ ನೋಡಿದಳು. ಗಂಟಲಿನ ಸೋಂಕು ಕತ್ತಿನ ಗ್ರಂಥಿಗೆ ಇಳಿದಿದೆ ಎಂದು ಹೇಳಿ ರಕ್ತನಾಳದ ಮೂಲಕ ಔಷಧಿ ಶುರು ಮಾಡಿಸಿದಳು. ಮರುದಿನ ಜ್ವರ ಇಳಿಯಿತು. ಅಪ್ಪ ನಿಟ್ಟುಸಿರು ಬಿಟ್ಟ.

ಬುಧವಾರ ಮಧ್ಯಾಹ್ನ ಜ್ವರ ಮತ್ತೆ ಏರಿತು. ಪಟ್ಟಿ ಅಕ್ಕ ಅಂಗೈ ಉಜ್ಜಿಕೊಂಡು ಗಡ್ಡೆಯ ಎರಡು ಕಡೆ ಎರಡು ಬೆರಳಿಟ್ಟಳು. ನಿನ್ನೆ ಕಲ್ಲಿನಂತಿದ್ದದ್ದು ಇವತ್ತು ಮೆತ್ತಗೆ. ಒಂದು ಬೆರಳು ಒತ್ತಿದರೆ ಇನ್ನೊಂದು ಮೇಲೇಳುತ್ತಿತ್ತು. ನೆಟ್ಟಗೆ ಡಾಕ್ಟರಮ್ಮನ ಊಟದ ಮೇಜಿಗೇ ಹೋಗಿ, ಒಳಗೆ ಕೀವು ಕಟ್ಟಿದ ಹಾಗಿದೆ ಎಂದಳು.

"ರಕ್ತದ ರಿಪೋರ್ಟ್ ಚೆನ್ನಾಗಿದೆಯಲ್ಲ ಅಕ್ಕ?"

"ಅದು ನಿನ್ನೆ ರಕ್ತ. ಇದು ಇವತ್ತಿನ ಕತ್ತು. ಒಂದ್ಸಲ ಬಂದು ಮುಟ್ಟಿ ನೋಡಿ."

ಡಾಕ್ಟರಮ್ಮ ತುತ್ತು ಬಿಟ್ಟು ಎದ್ದಳು. ಸ್ಕ್ಯಾನಿನಲ್ಲಿ ಒಳಗೆ ಕೀವು ತುಂಬಿರುವುದು ಕಂಡಿತು. ಸಂಜೆಯೇ ಮಗುವಿಗೆ ಅರಿವಳಿಕೆ ಕೊಟ್ಟು, ಪುಟ್ಟದೊಂದು ಗೀರು ಹಾಕಿ ಕೀವು ತೆಗೆದರು. ಯಾವ ರೋಗಾಣು ಎಂದು ತಿಳಿಯಲು ಅದನ್ನು ಪರೀಕ್ಷೆಗೂ ಕಳಿಸಿದರು. ದಿನವಿಡೀ ಐವತ್ತು ಜನರ ಜೀವ ಕೈಯಲ್ಲಿ ಹಿಡಿದು ಬಸ್ ಓಡಿಸುವ ಅಪ್ಪನಿಗೆ ಹೊರಗೆ ಕೂತು ಮುಚ್ಚಿದ ಬಾಗಿಲು ನೋಡುವುದಷ್ಟೇ ಉಳಿದಿತ್ತು. ಕೆಲಸದ ಹೊತ್ತು ಮುಗಿದಿದ್ದರೂ ಪಟ್ಟಿ ಅಕ್ಕ ಅವನ ಪಕ್ಕ ಬೆಂಚಿನಲ್ಲಿ ಕೂತೇ ಇದ್ದಳು.

ಹುಡುಗಿ ಕಣ್ಣು ಬಿಟ್ಟಳು. ಸುತ್ತ ನಿಂತವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿ, ಕೊನೆಗೆ ಡಾಕ್ಟರಮ್ಮನನ್ನು ದುರುಗುಟ್ಟಿ ನೋಡಿದಳು.

"ನನ್ನ ಕೇಳದೇ ನನ್ನ ಕತ್ತು ಯಾಕೆ ಕೊಯ್ದೆ?"

ಅಜ್ಜಿ ನಕ್ಕಳು, ನಗುತ್ತ ನಗುತ್ತಲೇ ಅತ್ತಳು. "ಬಂತು ಕಣೋ, ಮಾತು ಬಂತು!" ಎಂದು ಮಗನ ಬೆನ್ನಿಗೆ ಒಂದು ಗುದ್ದು ಕೊಟ್ಟಳು.

ಅಲ್ಲಿಂದ ಮುಂದೆ ಮಾತಿನಮಲ್ಲಿಯನ್ನು ಹಿಡಿಯುವವರಿಲ್ಲ. ದಿನವೂ ಕೀವು ಹೀರಲು ಗಾಯದೊಳಗಿಟ್ಟ ಬಟ್ಟೆಯ ಎಳೆ ಬದಲಿಸುವಾಗ "ನಿಧಾನ! ಈಗ ಊದು! ಈಗ ಕಟ್ಟು!" ಎಂದು ಪಟ್ಟಿ ಅಕ್ಕನಿಗೇ ಪಾಠ. ಪರೀಕ್ಷೆಯ ಫಲ ಬಂದ ಮೇಲೆ ಔಷಧಿ ಬದಲಾಯಿತು, ಬಾವು ಇಳಿಯಿತು. ಮನೆಗೆ ಹೊರಟಾಗ ಅಪ್ಪ ಸಿರಪ್ಪಿನ ಬಾಟಲಿ ತಿರುಗಿಸಿ ನೋಡಿದ.

"ಜ್ವರಾನೇ ಇಲ್ವಲ್ಲಕ್ಕ, ಇದನ್ನ ಇನ್ನೂ ಕುಡಿಸ್ಬೇಕಾ?"

"ಊರು ಕಾಣಿಸ್ತು ಅಂತ ಜನರನ್ನ ದಾರೀಲೇ ಇಳಿಸಿಬಿಡ್ತೀರಾ? ಡಾಕ್ಟರು ಬರೆದಷ್ಟು ದಿನ ಪೂರ್ತಿ ಕುಡಿಸಿ."

ಅವನು ಒಂದು ಹೊತ್ತೂ ತಪ್ಪಿಸಲಿಲ್ಲ.

ಎರಡು ವಾರ ಬಿಟ್ಟು ತೋರಿಸಲು ಬಂದಾಗ ಕತ್ತಿನ ಮೇಲೆ ತೆಳ್ಳನೆಯ ಗೆರೆಯಷ್ಟೇ ಉಳಿದಿತ್ತು. ಡಾಕ್ಟರಮ್ಮ ಮುಟ್ಟಿ ನೋಡಿ, "ಅಕ್ಕ, ನೀವೂ ಒಂದ್ಸಲ ನೋಡಿ" ಎಂದಳು. ಈಗೀಗ ಯಾವ ಮಗುವಿನ ಕತ್ತು ಊದಿದ್ದರೂ ಹಾಗೆ ಕೇಳುವುದು ಅವಳ ರೂಢಿ. ಎದೆಬಡಿತ ಕೇಳಲು ಮಾತ್ರ ಆಗಲೇ ಇಲ್ಲ. ಹುಡುಗಿ ಒಂದೇ ಸಮನೆ ತನ್ನ ಹೊಸ ಚಪ್ಪಲಿಯ ವಿಷಯ ಹೇಳುತ್ತಿದ್ದಳು.

"ಒಂದು ನಿಮಿಷ ಸುಮ್ನಿರೇ," ಎಂದು ಗದರಿದ ಅಜ್ಜಿಯ ಮುಖ ಮಾತ್ರ ಅರಳಿತ್ತು.