ಸುದ್ದಿ ಹೇಳುವ ಮೊದಲು

ಟೀಚರ್ ಅವರ ಬಲಗೈ ತೋರುಬೆರಳಿನ ಉಗುರು ನಡುವೆ ಸೀಳಿತ್ತು. ಮಲೇಷ್ಯಾದ ಪುಚೊಂಗ್‌ಗೆ ಬಂದ ಹೊಸತರಲ್ಲಿ ಫ್ಲಾಟಿನ ಕಬ್ಬಿಣದ ಗ್ರಿಲ್ ಬಾಗಿಲಿಗೆ ಸಿಕ್ಕಿ ಸೀಳಿತ್ತಂತೆ, ಮತ್ತೆ ಸೇರಲೇ ಇಲ್ಲ. ಓದುವಾಗ ಆ ಬೆರಳನ್ನು ಸಾಲಿನ ಕೆಳಗಿಟ್ಟು ಮೆಲ್ಲಗೆ ಸರಿಸುತ್ತಿದ್ದರು. ಉಗುರು ಕಾಗದಕ್ಕೆ ತಗುಲಿ ಸರ್ ಸರ್ ಎನ್ನುತ್ತಿತ್ತು. ಸದ್ದು ನಿಂತಿತೆಂದರೆ ಅವರಿಗೆ ಯಾವುದೋ ಪ್ರಶ್ನೆ ಎದ್ದಿದೆ ಎಂದು ಅರ್ಥ.

ಅವರು ತೀರಿಕೊಂಡು ಮೂರು ತಿಂಗಳಾಯಿತು. ಹೋಗುವ ಮೊದಲು ನನಗೊಂದು ಕೆಲಸ ವಹಿಸಿದ್ದರು. ಉಡುಪಿಯಲ್ಲಿರುವ ತಮ್ಮ ಅಕ್ಕನಿಗೆ ತಮ್ಮ ಸಾವಿನ ಸುದ್ದಿಯನ್ನು ನಾನೇ ಹೇಳಬೇಕು, ಬೇರೆ ಯಾರೂ ಹೇಳಕೂಡದು. ಅಕ್ಕನಿಗೆ ತೊಂಬತ್ತರ ಹತ್ತಿರ ವಯಸ್ಸು, ಹೃದಯ ದುರ್ಬಲ. ಪಿಯುಸಿ ಓದಿದ, ಗದಗಿನ ಕಡೆಯ ನನ್ನನ್ನು ಇದಕ್ಕೆ ಏಕೆ ಆರಿಸಿದರು ಎಂದು ತಿಳಿಯಬೇಕಾದರೆ ಅವರು ಎಂಥವರೆಂದು ಹೇಳಬೇಕು.

ನಮ್ಮದು ಎದುರುಬದುರು ಬಾಗಿಲು. ಅವರ ಮಗಳು ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಡಾಕ್ಟರ್. ನನ್ನ ಗಂಡ ಅದೇ ಕಾಲೇಜಿನ ಲ್ಯಾಬಿನಲ್ಲಿ ಟೆಕ್ನಿಷಿಯನ್. ಬೆಳಿಗ್ಗೆ ಇಬ್ಬರೂ ಹೊರಟ ಮೇಲೆ ಆ ಮಹಡಿಯಲ್ಲಿ ಕನ್ನಡ ಬರುವವರು ನಾವಿಬ್ಬರೇ. ಟೀಚರ್ ಅವರಿಗೆ ಅಡುಗೆ ಬರುತ್ತಿರಲಿಲ್ಲ. ದಿನಕ್ಕೊಮ್ಮೆ ಹಾಲು ಉಕ್ಕಿಸುತ್ತಿದ್ದರು. ವಾಸನೆ ಬಂದಾಗ ನಾನೇ ಓಡಿಹೋಗಿ ಒಲೆ ಆರಿಸುತ್ತಿದ್ದೆ. ಅವರು ಮೇಜಿನ ಮುಂದೆ ಕೂತು, "ಉಕ್ಕಿತಾ? ಒಂದು ನಿಮಿಷ, ಇದು ಮುಗೀಲಿ ಮಾರಾಯ್ತಿ" ಎನ್ನುವರು.

ಮೇಜಿನ ಮೇಲಿದ್ದದ್ದು ತೀರಿಹೋದ ಅವರ ಯಜಮಾನರ ನೋಟ್‌ಬುಕ್ಕುಗಳು. ಯಜಮಾನರು ಪಾದ್ರಿಗಳಾಗುವವರಿಗೆ ಹಳೆಯ ಒಡಂಬಡಿಕೆ ಕಲಿಸುತ್ತಿದ್ದವರು. ಬೈಬಲಿನ ಮಂದಿಯ ಬಗ್ಗೆ ಯೆಹೂದಿ ಪಂಡಿತರು, ಅಂದರೆ ರಬ್ಬಿಗಳು, ಶತಮಾನಗಳ ಕಾಲ ಹೇಳಿಕೊಂಡು ಬಂದ ಕಥೆಗಳನ್ನು ಕನ್ನಡದಲ್ಲಿ ಬರೆದಿಟ್ಟುಕೊಂಡಿದ್ದರು. ಅವನ್ನೆಲ್ಲ ಶುದ್ಧಪ್ರತಿ ಮಾಡುವುದು ಟೀಚರ್ ಹಚ್ಚಿಕೊಂಡ ಕೆಲಸ.

"ಬೈಬಲಿನಲ್ಲಿ ನೋಹನ ಹೆಂಡತಿಗೆ ಹೆಸರೇ ಇಲ್ಲ, ಗೊತ್ತುಂಟಾ?" ಎಂದು ಒಂದು ದಿನ ಕೇಳಿದರು. "ಜಗತ್ತೆಲ್ಲ ಮುಳುಗುವಾಗ ಹಡಗಿನಲ್ಲಿ ಅಷ್ಟು ಪ್ರಾಣಿಗಳ ಜೊತೆ ಇದ್ದವಳು. ಹೆಸರಿಲ್ಲದಿದ್ರೆ ಹೇಗೆ? ರಬ್ಬಿಗಳು ಹುಡುಕಿ ಕೊಟ್ರು. ನಾಮಾ ಅಂತ."

"ಅವರಿಗೆ ಹೆಂಗ ಗೊತ್ತಾತ್ರೀ?"

"ಗೊತ್ತಾಗಲಿಲ್ಲ. ಗ್ರಂಥ ಸುಮ್ಮನಾದ ಕಡೆ ಅವರು ಕಿವಿ ಕೊಟ್ಟು ಕೂತ್ರು, ಅಷ್ಟೇ."

ನನಗೆ ಇದು ಹೊಸದೆನಿಸಲಿಲ್ಲ. ನಮ್ಮೂರ ಮಠದಲ್ಲಿ ಶ್ರಾವಣದ ಪುರಾಣ ಹೇಳುವವರೂ ಒಂದು ಸಾಲು ಹಿಡಿದು ಒಂದು ಸಂಜೆ ಹೇಳುತ್ತಿದ್ದರು. ಹಾಗೆಂದಾಗ ಟೀಚರ್ ಮೇಜು ಕುಟ್ಟಿ, "ಅದೇ! ನೀನು ಅರ್ಧ ರಬ್ಬಿಯೇ" ಎಂದರು. ಹಡಗಿನಲ್ಲಿ ನೋಹನಿಗೆ ಪ್ರಾಣಿಗಳಿಗೆ ಉಣಿಸಿ ಉಣಿಸಿ ನಿದ್ದೆಯೇ ಇರಲಿಲ್ಲವಂತೆ. ಒಂದು ದಿನ ಊಟ ತಡವಾದದ್ದಕ್ಕೆ ಸಿಂಹ ಅವನಿಗೆ ಹೊಡೆದು ಕುಂಟನಾಗಿಸಿತಂತೆ. ಇದನ್ನು ಕೇಳಿದ ಮೇಲೆ ನನ್ನ ಗಂಡನಿಗೆ ಹೊಸ ಹೆಸರು ಬಂತು. ಭಾನುವಾರ ಮಧ್ಯಾಹ್ನ ಗ್ರಿಲ್‌ನಾಚೆಯಿಂದ ಟೀಚರ್ ಕೂಗುವರು: "ಸಿಂಹಕ್ಕೆ ಊಟ ಆಯ್ತಾ? ಕಾಲು ಜಾಗ್ರತೆ!"

"ರೊಟ್ಟಿ ಇನ್ನೂ ಹಂಚಿನ ಮ್ಯಾಲೆ ಅದಾವ್ರಿ, ಅಲ್ಲೀತನಕಾ ಸಿಂಹ ಹುಲ್ಲು ತಿಂತೈತ್ರಿ" ಎಂದು ನನ್ನ ಗಂಡ ಒಳಗಿನಿಂದಲೇ ಉತ್ತರಿಸುತ್ತಿದ್ದ.

ಗದಗಿನಲ್ಲಿ ನಮ್ಮಪ್ಪ ತೀರಿಕೊಂಡ ದಿನ ನನ್ನ ತಮ್ಮ ನನಗೆ ಫೋನ್ ಮಾಡದೆ ಗಂಡನಿಗೆ ಮಾಡಿದ. ಗಂಡನಿಗೆ ನನಗೆ ಹೇಳುವ ಧೈರ್ಯವಾಗಲಿಲ್ಲ; ಅವನು ಟೀಚರಿಗೆ ಫೋನ್ ಮಾಡಿದ. ಇದೊಂದೂ ನನಗೆ ಗೊತ್ತಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಟೀಚರ್ ಒಂದು ಬುಟ್ಟಿ ಅಲಸಂದೆ ಕಾಯಿ ಹಿಡಿದು ಬಂದರು. "ನಾರು ತೆಗೆಯುವ, ಬಾ" ಎಂದು ನೆಲದ ಮೇಲೆ ಕೂತರು. ಮಂಡಿನೋವಿದ್ದವರು ಯಾವತ್ತೂ ನೆಲಕ್ಕೆ ಕೂತವರಲ್ಲ. ನಾನು ಅದನ್ನೂ ಗಮನಿಸಲಿಲ್ಲ.

"ನಿನ್ನ ಅಪ್ಪ ಎಂತ ಕೆಲಸ ಮಾಡುದು ಅಂತ ನೀನು ಹೇಳಲೇ ಇಲ್ಲ."

"ಗಡಿಯಾರ ರಿಪೇರಿ ರೀ. ಬಸ್ ಸ್ಟ್ಯಾಂಡಿನ ಎದುರಿಗೆ ಸಣ್ಣ ಡಬ್ಬಿ ಅಂಗಡಿ."

ಅಲ್ಲಿಂದ ಶುರುವಾಯಿತು. ಅವರು ಒಂದೊಂದೇ ಕೇಳಿದರು. ಅಪ್ಪನ ಕೈಗಡಿಯಾರ ಯಾವಾಗಲೂ ಹತ್ತು ನಿಮಿಷ ಹಿಂದೆ ಓಡುತ್ತಿದ್ದದ್ದು, ನನ್ನ ಮದುವೆಯ ಮುಹೂರ್ತಕ್ಕೆ ಅವನೇ ತಡವಾಗಿ ಬಂದದ್ದು, ಬಂದು ಬೀಗರಿಗೆ "ನಿಮ್ಮ ಗಡಿಯಾರ ಮುಂದ ಐತ್ರಿ, ತರ್ರಿ ಸರಿ ಮಾಡ್ತೀನಿ" ಎಂದದ್ದು. ಹೇಳುತ್ತ ಹೇಳುತ್ತ ನಾನು ಹೊಟ್ಟೆ ಹಿಡಿದು ನಕ್ಕೆ. ಅಲಸಂದೆ ಮುಗಿಯಿತು. ಟೀಚರ್ ನನ್ನ ಎರಡೂ ಕೈ ಹಿಡಿದುಕೊಂಡರು. ಆಮೇಲೆ ಹೇಳಿದರು.

ಊರಿಗೆ ಹೋಗಿ ಬಂದ ಮೇಲೆ ನಾನು ಅವರೊಡನೆ ಮಾತು ಬಿಟ್ಟೆ. ಹಾಲು ಉಕ್ಕಿದ ವಾಸನೆ ಬಂದರೂ ಹೋಗಲಿಲ್ಲ. ಎರಡು ವಾರ ಕಳೆದ ಮೇಲೆ ಲಿಫ್ಟಿನಲ್ಲಿ ಎದುರಾದಾಗ ತಡೆಯಲಾಗಲಿಲ್ಲ.

"ನಿಮಗ ಎಲ್ಲಾ ಗೊತ್ತಿತ್ತು. ನಮ್ಮಪ್ಪ ಅಲ್ಲಿ ಹೆಣಾ ಆಗಿ ಮಲಗಿದ್ದ. ಒಂದು ತಾಸು ನನ್ನ ನಗಿಸಿದ್ರಲ್ರೀ!"

ಟೀಚರ್ ನನ್ನ ಮುಖವನ್ನೇ ನೋಡಿದರು. "ಆ ಒಂದು ತಾಸು ನಿನ್ನ ಅಪ್ಪ ನಿನಗೆ ಬದುಕಿದ್ರು ಮಗಾ" ಎಂದರು.

ಲಿಫ್ಟು ನಮ್ಮ ಮಹಡಿ ಮುಟ್ಟಿತು. ಟೀಚರ್ ನನ್ನನ್ನು ತಮ್ಮ ಮನೆಗೆ ಕರೆದೊಯ್ದು ಒಂದು ನೋಟ್‌ಬುಕ್ ತೆರೆದು ಓದತೊಡಗಿದರು. ಬೆರಳು ಒಂದು ಹೆಸರಿನ ಕೆಳಗೆ ನಿಂತಿತು. ಸೆರಹ.

ಯಾಕೋಬನೆಂಬ ಮುದುಕನಿಗೆ ಹನ್ನೆರಡು ಗಂಡುಮಕ್ಕಳು. ಅಣ್ಣಂದಿರು ಹೊಟ್ಟೆಕಿಚ್ಚಿಗೆ ತಮ್ಮ ಯೋಸೇಫನನ್ನು ಮಾರಿ, ರಕ್ತ ಹಚ್ಚಿದ ಅವನ ಅಂಗಿಯನ್ನು ಅಪ್ಪನ ಮುಂದಿಟ್ಟರು. ಎಷ್ಟೋ ವರ್ಷಗಳ ಮೇಲೆ ಯೋಸೇಫ ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ಬದುಕಿದ್ದಾನೆಂದು ಗೊತ್ತಾಯಿತು. ಅದನ್ನು ಮುದುಕನಿಗೆ ಹೇಗೆ ಹೇಳುವುದು? ಒಮ್ಮೆಲೇ ಹೇಳಿದರೆ ಎದೆ ಒಡೆದೀತು. ಆ ಮನೆತನದ ಪಟ್ಟಿಯಲ್ಲಿ ಯಾಕೋಬನ ಮೊಮ್ಮಗಳು ಸೆರಹಳ ಹೆಸರಿದೆ. ಬೈಬಲಿನಲ್ಲಿ ಅವಳ ವಿಷಯ ಬೇರೇನೂ ಇಲ್ಲ. ಗಂಡಸರೇ ತುಂಬಿದ ಪಟ್ಟಿಯಲ್ಲಿ ಈ ಹುಡುಗಿ ಏಕಿದ್ದಾಳೆಂದು ರಬ್ಬಿಗಳು ಯೋಚಿಸಿದರು. ಸುದ್ದಿ ಹೇಳಿದವಳು ಇವಳೇ ಎಂದರು. ಅಜ್ಜನ ಬಳಿ ಕೂತು, ವಾದ್ಯ ನುಡಿಸುತ್ತ, ಹಾಡಿನೊಳಗೆ ಸುದ್ದಿಯನ್ನು ಸೇರಿಸಿ ಮೆಲ್ಲಗೆ ಹಾಡಿದಳಂತೆ. ಅಜ್ಜನ ಎದೆಗೆ ಅದು ನೋಯದೆ ಇಳಿಯಿತು. ಅವನು ಹರಸಿದ್ದಕ್ಕೆ ಅವಳು ನೂರಾರು ವರ್ಷ ಬದುಕಿದಳಂತೆ.

"ಆಕಿ ಹೇಳಿದ್ದು ಒಳ್ಳೇ ಸುದ್ದಿ ಅಲ್ಲೇನ್ರಿ?" ಎಂದೆ.

"ಹೌದು. ಕೆಟ್ಟ ಸುದ್ದಿಗೂ ಅದೇ ದಾರಿ ಅಂತ ನಾನು ಸೇರಿಸಿದ್ದು. ನಮ್ಮ ಇವರು ಹೋದಾಗ ಆಸ್ಪತ್ರೆಯಿಂದ ಒಬ್ಬ ಫೋನ್ ಮಾಡಿದ. ಹೆಸರು ಸರಿಯಾ ಕೇಳಿದ, ಹೌದು ಅಂದೆ. ಬಾಡಿ ಯಾವಾಗ ತಗೊಂಡು ಹೋಗ್ತೀರಿ ಅಂದ." ಬೆರಳು ಇನ್ನೂ ಆ ಹೆಸರಿನ ಕೆಳಗೇ ಇತ್ತು. "ನಂಗೆ ಒಂದು ನಿಮಿಷವೂ ಸಿಗಲಿಲ್ಲ ಮಾರಾಯ್ತಿ."

ಅವತ್ತು ನಾನೇ ಹಾಲು ಕಾಯಿಸಿ ಇಬ್ಬರಿಗೂ ಚಹಾ ಮಾಡಿದೆ.

ಈ ವರ್ಷ ಅವರನ್ನು ಆಸ್ಪತ್ರೆಗೆ ಸೇರಿಸಿದಾಗ ಮಗಳ ಎದುರಿಗೇ ನನಗೆ ಹೇಳಿದರು: "ಅಕ್ಕನಿಗೆ ನೀನೇ ಹೇಳ್ಬೇಕು. ಇವಳು ಡಾಕ್ಟ್ರು, ಒಂದೇ ಮಾತಲ್ಲಿ ಮುಗಿಸ್ತಾಳೆ."

"ಅಮ್ಮಾ!" ಎಂದಳು ಮಗಳು, ಅಳುತ್ತಲೇ ನಗುತ್ತ.

ಮೂರನೆಯ ದಿನ ಅವರು ಹೋದರು.

ಅಕ್ಕತಂಗಿ ಪ್ರತಿ ಶನಿವಾರ ಫೋನಿನಲ್ಲಿ ಮಾತಾಡುತ್ತಿದ್ದರು. ಆ ವಾರದ ಶನಿವಾರ ಅದೇ ಹೊತ್ತಿಗೆ, ಟೀಚರ್ ಅವರ ಮೇಜಿನ ಮುಂದೆ ಕೂತು ನಾನು ಉಡುಪಿಗೆ ಫೋನ್ ಮಾಡಿದೆ. ಅಲ್ಲಿ, ವಿಷಯ ಮೊದಲೇ ತಿಳಿದಿದ್ದ ಅಕ್ಕನ ಸೊಸೆ ನೀರು, ಮಾತ್ರೆ ಹಿಡಿದು ಪಕ್ಕದಲ್ಲಿದ್ದಳು. ಆ ಮುದುಕಿಗೆ ಏನಾದರೂ ಆದರೆ ಅದು ನನ್ನ ಮಾತಿನಿಂದ ಆದದ್ದು.

"ದೊಡ್ಡಮ್ಮಾ, ನಾನ್ರೀ, ಎದುರಿನ ಮನಿಯಾಕಿ. ಒಂದು ಮಾತು ಕೇಳಬೇಕಾಗಿತ್ತು. ಟೀಚರ್ ಸಣ್ಣಾಕಿ ಇದ್ದಾಗ ಹೆಂಗಿದ್ರು?"

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದಾಯಿತು. ಮತ್ತೆ, "ಅವಳಾ? ಉಪದ್ರ!" ಎಂದರು.

ಎಂಟು ವರ್ಷದವಳಿದ್ದಾಗ ಭಾನುವಾರದ ಶಾಲೆಯಲ್ಲಿ ನೋಹನ ಹೆಂಡತಿಯ ಹೆಸರೇನೆಂದು ಕೇಳಿದಳಂತೆ. ಅಯ್ಯನವರು, ಅಂದರೆ ಪಾದ್ರಿಗಳು, ಅದು ಬರೆದಿಲ್ಲ ಎಂದರು. ಬರೆಯದಿದ್ದರೆ ಅವಳಿಗೆ ಹೆಸರಿರಲಿಲ್ಲವೇ, ನೋಹ ಊಟಕ್ಕೆ ಹೇಗೆ ಕರೆಯುತ್ತಿದ್ದ ಎಂದಳು. ಅಯ್ಯನವರು ಅವಳನ್ನು ಹೊರಗೆ ಹಲಸಿನ ಮರದಡಿ ನಿಲ್ಲಿಸಿದರು. ದೊಡ್ಡಮ್ಮ ನಗುತ್ತ, ಕೆಮ್ಮುತ್ತ ಹೇಳಿದರು. ನಾನೂ ನಕ್ಕೆ. ಅರ್ಧ ಗಂಟೆ ಕಳೆದಿತ್ತು. ಇನ್ನು ತಡೆಯಬಾರದೆಂದು ಉಸಿರೆಳೆದುಕೊಂಡೆ.

"ದೊಡ್ಡಮ್ಮಾ..."

"ಗೊತ್ತುಂಟು ಮಗಾ" ಎಂದರು ಅವರು. "ಆ ಹಾಡುವ ಹುಡುಗಿಯ ಕಥೆ ನಂಗೂ ಹೇಳಿದ್ದಾಳೆ. ನೀನು ಅವಳು ಹೇಗಿದ್ದಳು ಕೇಳುವಾಗಲೇ ಗೊತ್ತಾಯ್ತು."

ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದೆ.

"ಹೇಳು. ನೀನು ಹೇಳ್ಲೇಬೇಕು, ಅವಳು ಕೊಟ್ಟ ಕೆಲಸ ಅಲ್ವಾ? ಆದ್ರೆ ಸ್ವಲ್ಪ ತಾಳು. ಹಲಸಿನ ಮರದ ಕಥೆ ಇನ್ನೂ ಮುಗೀಲಿಲ್ಲ. ಅವಳು ಅಲ್ಲೇ ನಿಂತಿದ್ದಾಳೆ."

ತಾಳಿದೆ. ದೊಡ್ಡಮ್ಮ ಮೆಲ್ಲಗೆ, ಒಂದು ಮಾತೂ ಬಿಡದೆ, ತಂಗಿಯನ್ನು ಮರದಡಿಯಿಂದ ಮನೆಗೆ ಕರೆದುಕೊಂಡು ಬಂದರು, ಕೈಕಾಲು ತೊಳೆಸಿದರು, ಊಟಕ್ಕೆ ಕೂರಿಸಿದರು.

ಆಮೇಲೆ ನಾನು ಹೇಳಿದೆ.