ಗಂಗಕ್ಕ ಇಟ್ಟ ಎಡೆ

ಅವತ್ತು ಬೆಳಗ್ಗೆ ಗಂಗಕ್ಕ ಗಂಡ ಗೊಲ್ಲಪ್ಪನ ಮೇಲೆ ಹರಿಹಾಯ್ದದ್ದು ಹೋಳಿಗೆಯ ವಿಷಯಕ್ಕೆ. ದೀಪಾವಳಿ ಇನ್ನೂ ದೂರವಿತ್ತು. ಅವನ ಬಾಯಿ ಮಾತ್ರ ಆಗಲೇ ಹಬ್ಬ ಮಾಡುತ್ತಿತ್ತು.

“ಈ ಸಲನಾದ್ರೂ ಬೇಳೆ ಹೋಳಿಗೆ ಮಾಡೇ. ಹೋದ ಹಬ್ಬಕ್ಕೆ ಗೆಣಸು ತುಂಬಿ ಮೋಸ ಮಾಡ್ದೆ.”

“ತಿನ್ನೋವಾಗ ಗೊತ್ತಾತೇನು ನಿಂಗೆ? ನಾನು ಬಾಯಿ ಬಿಟ್ಟ ಮ್ಯಾಲೆ ತಾನೆ ನಿನ್ನ ನಾಲಿಗೆ ಎದ್ದಿದ್ದು.”

“ಗೊತ್ತಾಗಿತ್ತು. ಸುಮ್ಕಿದ್ದೆ.”

“ಹೂಂ, ಬಾಯ್ತುಂಬ ಹೋಳಿಗೆ ಇದ್ರೆ ಸುಮ್ನಿರದೆ ಏನು ಮಾಡ್ತೀಯ!”

ಅವನು ನಕ್ಕ. ಕಂಬಳಿ ಹೆಗಲಿಗೆ ಹಾಕಿಕೊಂಡು ಕುರಿ ಹೊಡೆದುಕೊಂಡು ಯಲ್ಲದಕೆರೆ ಕಡೆಯ ಗುಡ್ಡಕ್ಕೆ ಹೋದ. ಅವಳು ಒಳಗೆ ಹೋಗಿ ಹಿಟ್ಟಿಗೆ ಎಸರಿಟ್ಟಳು. ಅದು ಎಪ್ಪತ್ತನಾಲ್ಕನೇ ಇಸವಿ, ಉತ್ತರೆ ಮಳೆಯ ಕಾಲ. ಸಂಜೆ ಗುಡ್ಡದ ಮೇಲೆ ಸಿಡಿಲು ಬಿತ್ತು. ಕುರಿಗಳು ತಾವೇ ಹಟ್ಟಿಗೆ ಬಂದವು. ಅವನು ಬರಲಿಲ್ಲ.

ಅವಳಿಗೆ ಇಬ್ಬರೂ ಹೆಣ್ಣು ಮಕ್ಕಳು, ನಾಗಿ ಮತ್ತು ಜಯಿ. ಗಂಡು ಹುಟ್ಟಿರಲಿಲ್ಲ. ತಿಥಿ ಮುಗಿದದ್ದೇ ಮೈದುನ ಉಗ್ರಪ್ಪ ಬಂದು ಜಗಲಿಯ ಮೇಲೆ ಕೂತ.

“ಅತ್ತಿಗೆ, ದೀಪಾವಳಿಗೆ ಅಣ್ಣನ ಎಡೆ ನಮ್ಮನೇಲೇ ಇಡಾಣ. ನೀನೂ ಹುಡುಗೇರೂ ಅಲ್ಲಿಗೇ ಬಂದ್ಬಿಡ್ರಿ. ಕುರಿ ನಮ್ಮ ಹಿಂಡಿಗೆ ಕೂಡ್ಲಿ. ಹೆಂಗಸು ಕುರಿ ಕಾದ್ರೆ ಹಟ್ಟಿ ನಗ್ತೈತೆ.”

ಆ ಹಟ್ಟಿಯಲ್ಲಿ ಸತ್ತವನನ್ನು ಹಿರಿಯರ ಸಾಲಿಗೆ ಸೇರಿಸುವುದು ದೀಪಾವಳಿಯ ದಿನ. ಕಲಶದ ಮುಂದೆ ಎಡೆ ಬಡಿಸಿ, ಪಕ್ಕದಲ್ಲಿ ಅವನಿಗೆಂದು ಹೊಸ ಬಟ್ಟೆ ಇಡಬೇಕು. ಎಡೆ ಇಟ್ಟ ಒಲೆಯೇ ಅವನ ಮನೆ. ಕುರಿಯೂ ಆ ಮನೆಯದೇ. ಗಂಗಕ್ಕನಿಗೆ ಇದು ತಿಳಿಯದ್ದಲ್ಲ. ಎಡೆ ಉಗ್ರಪ್ಪನ ಮನೆಗೆ ಹೋದರೆ ತಾನೂ ಮಕ್ಕಳೂ ಓರಗಿತ್ತಿಯ ಕೈ ನೋಡಿ ಉಣ್ಣಬೇಕು.

“ನನ್ನ ಒಲೆ ಇನ್ನೂ ಆರಿಲ್ಲ. ಇಲ್ಲೇ ಇಡ್ತೀನಿ” ಅಂದಳು.

ಮಾತು ಅತ್ತೆ ಜುಂಜಮ್ಮನ ತನಕ ಹೋಯಿತು. ಮುದುಕಿ ಇದ್ದದ್ದು ಉಗ್ರಪ್ಪನ ಮನೆಯಲ್ಲಿ. ಅವಳು ಸೊಸೆಯ ಮುಖ ನೋಡದೆ ಹೇಳಿದಳು: “ಎಡೆ ತುಂಬಿದ್ರೆ ಅಲ್ಲೇ ಇರ್ಲಿ. ಒಂದು ಕಮ್ಮಿ ಬಿದ್ರೂ ಇಲ್ಲಿಗೆ ಬರ್ಬೇಕು.”

ಗಂಗಕ್ಕ ಬಿದ್ದು ಎದ್ದು ದುಡಿದಳು. ನೆರೆಮನೆಯ ಚಂದ್ರಕ್ಕನಿಗೆ ಶೇಂಗಾ ಸುಲಿದುಕೊಟ್ಟು ಕೂಲಿಗೆ ಗೋಧಿ ತಂದಳು. ಗಡಿಗೆಯ ತಳ ಕೆರೆದರೆ ಬೆಲ್ಲ ಸಿಕ್ಕಿತು. ಬೇಳೆ ಇರಲಿಲ್ಲ. ಮತ್ತೆ ಗೆಣಸನ್ನೇ ಬೇಯಿಸಿದಳು. ಮಕ್ಕಳು ಬಿದ್ದ ಹೊಂಗೆಬೀಜ ಆಯ್ದು ತಂದರು, ದೀಪಕ್ಕೆ ಎಣ್ಣೆಯಾಯಿತು. ಬೇಲಿಯ ಹೊನ್ನಾರಿಕೆ ಹೂ ಕಿತ್ತು ಹಬ್ಬಕ್ಕೆಂದು ಸಗಣಿಯಲ್ಲಿ ಮಾಡಿಟ್ಟ ಲಕ್ಕವ್ವನಿಗೆ ಸಿಕ್ಕಿಸಿದರು. ಜಯಿ ಪಟಾಕಿ ಬೇಕೆಂದು ಅತ್ತಳು. ನಾಗಿ ಅವಳ ಬೆನ್ನಿಗೆ ಗುದ್ದಿ, “ಇಗಾ, ಢಂ ಅಂತು!” ಅಂದಳು. ಗಂಗಕ್ಕನಿಗೆ ನಗು ಬಂತು, ಅದರ ಹಿಂದೆಯೇ ಅಳು. ಎರಡನ್ನೂ ನುಂಗಿಕೊಂಡಳು.

ಬಟ್ಟೆಯೊಂದು ಇದೆ ಎಂಬ ಧೈರ್ಯ ಅವಳಿಗೆ. ಗೊಲ್ಲಪ್ಪ ಹೋದ ಯುಗಾದಿಗೆ ತಂದು, ಒಮ್ಮೆಯೂ ಉಡದ ಪಂಚೆ ಟ್ರಂಕಿನಲ್ಲಿತ್ತು. ಹಬ್ಬದ ಬೆಳಗ್ಗೆ ತೆಗೆದು ನೋಡಿದಳು. ಸೀಗೆಯ ವಾಸನೆ ಬಂತು. ಗಂಜಿ ಚುಚ್ಚುತ್ತದೆ ಎಂದು ಅವನು ಗೊಣಗಿದ್ದಕ್ಕೆ ಅವಳೇ ಒಗೆದು ಮಡಿಸಿಟ್ಟಿದ್ದಳು. ನೀರು ಕಂಡ ಬಟ್ಟೆ ಹಿರಿಯರಿಗೆ ಆಗದು.

ಹಿರಿಯೂರು ಪೇಟೆಗೆ ಹೋಗಿ ಹೊಸದು ತರುವಂತಿಲ್ಲ. ಗಂಡ ಹಿರಿಯರಿಗೆ ಸೇರುವ ತನಕ ಹೆಂಡತಿ ಹಟ್ಟಿಯ ಗಡಿ ದಾಟುವಂತಿರಲಿಲ್ಲ. ಚಂದ್ರಕ್ಕ ಮಡಿಕೆ ಬಿಚ್ಚದ ಪಂಚೆ ತಂದಳು. “ತಗಳೇ, ಯಾರಿಗೆ ಗೊತ್ತಾಗ್ತೈತೆ?”

“ಅವ್ನಿಗೆ ಗೊತ್ತಾಗ್ತೈತಲ್ಲ. ಬ್ಯಾರೆ ಮನೆ ಬಟ್ಟೆ ಹಿರೇರಿಗೆ ಇಡ್ತಾರೇನಕ್ಕ?”

ಅಷ್ಟರಲ್ಲಿ ಉಗ್ರಪ್ಪ ಕೆಂಪಂಚಿನ ಪಂಚೆ ಕಂಕುಳಲ್ಲಿಟ್ಟುಕೊಂಡು ಬಾಗಿಲ ಮುಂದೆ ಹಾದ. “ಅಣ್ಣಂಗೆ ಅಂತ ತಂದೀನಿ ಅತ್ತಿಗೆ. ಅಂಚು ನೋಡು, ಎಂಗೈತೆ!”

ಗಂಗಕ್ಕ ಒಳಗೆ ಹೋದಳು. ಗೂಟದಲ್ಲಿದ್ದ ಉಣ್ಣೆ ಕತ್ತರಿ ತೆಗೆದುಕೊಂಡಳು. ಆ ಹಟ್ಟಿಯ ಹೆಂಗಸರು ಅದನ್ನು ಹಿಡಿದವರಲ್ಲ. ಇನ್ನೂ ಕತ್ತರಿ ಕಾಣದ ಕರಿ ಮರಿಯೊಂದನ್ನು ಮೊಣಕಾಲ ನಡುವೆ ಒತ್ತಿ ಹಿಡಿದಳು. ಮರಿ ಒದೆಯಿತು. ಕತ್ತರಿ ಜಾರಿ ಅವಳ ಹೆಬ್ಬೆರಳನ್ನೇ ಸೀಳಿತು. ಬೆರಳಿಗೆ ಚಿಂದಿ ಸುತ್ತಿ ಮತ್ತೆ ಹಿಡಿದಳು. ಮಕ್ಕಳು ಉಣ್ಣೆ ಬಿಡಿಸಿಕೊಟ್ಟರು. ಅವಳು ನೂತಳು, ಹುರಿ ಹಾಕಿದಳು. ಹೊತ್ತು ಮಾರಿಕಣಿವೆ ಕಡೆಗೆ ಇಳಿಯುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಉಗ್ರಪ್ಪ ತಾಯಿಯನ್ನು ಕರೆದುಕೊಂಡು ಬಂದ. ಕಲಶ ಇತ್ತು. ಎಲೆಯ ತುಂಬ ಎಡೆ ಇತ್ತು. ಪಕ್ಕದಲ್ಲಿ ಕರಿ ಉಣ್ಣೆಯ ಒಂದು ಉಡಿದಾರ.

ಉಗ್ರಪ್ಪ ಗಹಗಹಿಸಿದ. “ಬಟ್ಟೆ ಇಡು ಅಂದ್ರೆ ಸೊಂಟದ ದಾರ ಇಟ್ಟೀಯಲ್ಲ! ಅಣ್ಣ ಇದನ್ನ ಉಟ್ಕಂಡು ಹಿರೇರ ಮುಂದೆ ನಿಂತ್ಕಬೇಕಾ? ಏಳವ್ವ, ಹೋಗಾಣ. ಎಡೆ ನಮ್ಮನೇಲಿ.”

ಗಂಗಕ್ಕ ಅತ್ತೆಯ ಕಡೆ ತಿರುಗಿದಳು. “ನೀರು ಕಂಡಿಲ್ಲ, ಇನ್ನೊಬ್ರ ಮೈ ಕಂಡಿಲ್ಲ. ಅವ್ನು ಸಾಕಿದ ಕುರೀದು. ಇದ್ಕಿಂತ ಹೊಸಾದು ನನ್ನತ್ರ ಇಲ್ಲ ಅತ್ತೆ.”

ಮುದುಕಿ ಉಡಿದಾರ ಎತ್ತಿಕೊಂಡಳು. ಮೂಸಿದಳು. ಬೆರಳಿನಲ್ಲಿ ಹುರಿ ತಿರುವಿ ನೋಡಿದಳು. ಜಯಿ ಅವ್ವನ ಸೆರಗು ಹಿಡಿದುಕೊಂಡಳು.

“ಲೇ ಉಗ್ರ,” ಅಂದಳು ಜುಂಜಮ್ಮ, “ನೀನು ನನ್ನ ಹೊಟ್ಟೆಯಿಂದ ಕೆಂಪಂಚಿನ ಪಂಚೆ ಉಟ್ಕಂಡು ಬಂದ್ಯೇನ್ಲಾ?”

“ಏನವ್ವ ಅಂಗಂದ್ರೆ...”

“ನಿಮ್ಮಣ್ಣ ಹುಟ್ಟಿದಾಗ ನಾನು ಮೊದ್ಲು ಕಟ್ಟಿದ್ದು ಇದನ್ನೇ. ಆಮ್ಯಾಕೆ ತಾನೇ ಅಂಗಿ, ಪಂಚೆ ಎಲ್ಲ.” ಉಡಿದಾರವನ್ನು ಎಡೆಯ ಪಕ್ಕ ತಾನೇ ಇಟ್ಟಳು. “ಲೋಬಾನ ಹಾಕೇ ಗಂಗಿ. ನನ್ನ ಮಗ ಉಣ್ಣಲಿ.”

ಉಗ್ರಪ್ಪ ಪಂಚೆ ಮಡಿಸಿಕೊಂಡು ಹೊರಗೆ ಹೋದ. ಗಂಡ ಸತ್ತ ಮೇಲೆ ಗಂಗಕ್ಕ ಗಟ್ಟಿಯಾಗಿ ಅತ್ತದ್ದು ಅವತ್ತೇ.

ಕುರಿ ಅವಳ ಹತ್ತಿರವೇ ಉಳಿದವು. ಹಟ್ಟಿ ನಕ್ಕಿತು, ನಕ್ಕು ಸುಸ್ತಾಯಿತು. ಈಗಲೂ ಬೆಳಕು ಹರಿಯುವ ಮುಂಚೆ ಅವಳು ರೊಪ್ಪಕ್ಕೆ ಹೋಗಿ, ಬಾಗಿಲಿಗೆ ಅಡ್ಡ ಇಟ್ಟ ಜಾಲಿಮುಳ್ಳನ್ನು ಎಳೆದು ಹಾಕಿ, ಒಂದೊಂದು ಕುರಿಯ ಬೆನ್ನು ಮುಟ್ಟಿ ಹೊರಗೆ ಬಿಡುತ್ತಾಳೆ. ಆಮೇಲೆ ಹಿಕ್ಕೆ ಗುಡಿಸುತ್ತಾಳೆ.