ಹಂಚು ಕಾಯುವಷ್ಟು ಹೊತ್ತಿನ ಮೀಟಿಂಗು

ಒಲೆಗಿಟ್ಟ ಹಂಚು ಕಾಯಲು ಎಷ್ಟು ಹೊತ್ತು ಹಿಡಿಯುತ್ತದೆಂದು ಯಾರಾದರೂ ಕೇಳಿದ್ದರೆ, ನಿಮಗೇನು ಬೇರೆ ಕೆಲಸವಿಲ್ಲವೇ ಎಂದು ಬೈದು ಕಳಿಸುತ್ತಿದ್ದೆ. ಐವತ್ತು ವರ್ಷ ರೊಟ್ಟಿ ಬಡಿದರೂ ಆ ಹೊತ್ತು ನನ್ನ ಗಮನಕ್ಕೆ ಬಂದಿರಲಿಲ್ಲ. ಅಷ್ಟರಲ್ಲಿ ಒಂದು ಸಭೆ ನಡೆದು ಮುಗಿಯಬಹುದೆಂದು ತೋರಿಸಿಕೊಟ್ಟವಳು ನನ್ನ ಸೊಸೆ ಮಹಾದೇವಿ.

ಉದಗೀರದಲ್ಲಿ ನಮ್ಮದೊಂದು ಜೋಳದ ರೊಟ್ಟಿ ಕೇಂದ್ರವಿದೆ. ಎಂಟು ಹೆಂಗಸರು ಬಡಿಯುತ್ತಾರೆ. ರೊಟ್ಟಿಯೆಲ್ಲ ಕಾಲೇಜು ಹುಡುಗಿಯರ ಒಂದು ದೊಡ್ಡ ಹಾಸ್ಟೆಲಿಗೆ ಹೋಗುತ್ತದೆ. ಶುರು ಮಾಡಿದವಳು ನಾನು. ಮೊಣಕಾಲು ಕೈಕೊಟ್ಟ ಮೇಲೆ ನಡೆಸುವವಳು ಮಹಾದೇವಿ. ಜೋಳ ಕೊಳ್ಳುವುದು, ಬೀಸಿಸುವುದು ಮಾತ್ರ ನನ್ನ ಪಾಲಿಗೆ ಉಳಿದಿದೆ.

ಮೀಟಿಂಗು ಮೊದಲೂ ಇತ್ತು. ಜಮಖಾನ ಹಾಸಿ, ಚಹಾ ಕುಡಿದು, ಯಾರ ನಾದಿನಿ ಯಾರಿಗೆ ಏನಂದಳೆಂಬ ಪುರಾಣದಿಂದ ಆರಂಭವಾಗಿ, ನಾನು ಮಾತಾಡಿ, ಉಳಿದವರು "ಹೌದ್ರಿ ಆಯಿ" ಎಂದು ತಲೆಯಾಡಿಸಿ, ಸರ್ವಾನುಮತದಿಂದ ಏನೂ ನಿರ್ಣಯವಾಗದೆ ಮುಗಿಯುತ್ತಿತ್ತು. ರೊಟ್ಟಿ ಒಡೆಯುತ್ತಿದೆಯೆಂದು ಹಾಸ್ಟೆಲಿನಿಂದ ಮೊದಲ ದೂರು ಬಂದಾಗಲೂ ಹಾಗೇ ಆಯಿತು. "ನಿಮ್ಮ ಕೈ ಮೈಗಳ್ಳ ಆಗ್ಯಾವ" ಎಂದೆ. ಹೌದ್ರಿ ಆಯಿ ಎಂದರು. ನಾನು ಅದನ್ನು ಒಗ್ಗಟ್ಟು ಎಂದೇ ತಿಳಿದೆ.

ವಾರದಲ್ಲಿ ಎರಡನೆಯ ದೂರು ಬಂತು. ಇನ್ನೊಮ್ಮೆ ಚೂರು ಬಂದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆಂದು ವಾರ್ಡನ್ ಹೇಳಿಕಳಿಸಿದಳು. ಎಂಟು ಮನೆಗಳ ಊಟದ ಪ್ರಶ್ನೆ. ಅಂದೇ ಮಹಾದೇವಿ ಜಮಖಾನ ಸುತ್ತಿಟ್ಟು ಹೊಸ ಕಾನೂನು ಹೇಳಿದಳು: ಹಂಚು ಒಲೆಗೇರಿದ ಕೂಡಲೇ ನಿಂತುಕೊಂಡೇ ಮಾತು, ಹಂಚು ಕಾದರೆ ಮಾತು ಬಂದ್, ಹೊಸಬಳು ಮೊದಲು, ಹಿರಿಯಳು ಕೊನೆಗೆ.

"ಇವರಿಗೆಲ್ಲಾ ನಾದಲಿಕ್ಕ ಕಲಿಸಿದಾಕಿ ನಾ. ನನ್ನ ಪಾಳಿ ಕಡೀಗೇನು?" ಎಂದೆ.

"ಅದಕ್ಕೇ ಅತ್ತಿ. ನೀವು ಮೊದಲ ಅಂದುಬಿಟ್ರ, ಆಮ್ಯಾಲ ಯಾರು ಏನ್ ಅಂತಾರ್ರಿ?"

ಮರುದಿನ ಬೆಳಿಗ್ಗೆ ಬೈಗುಳ ಸಿದ್ಧಮಾಡಿಕೊಂಡು ಗೋಡೆ ಹಿಡಿದು ನಿಂತೆ. ಮೊದಲ ಪಾಳಿ ಔರಾದ ಶಹಾಜನಿಯಿಂದ ಬಂದು ತಿಂಗಳೂ ತುಂಬದ ಶೋಭಾಳದು. ಆಕೆ ನೆಲ ನೋಡುತ್ತ, "ಹಿಟ್ಟ ಹಳೇದ ಆಗ್ಯದ್ರಿ. ಎಷ್ಟ ನಾದಿದ್ರೂ ಅಂಚು ಸೀಳತದ" ಎಂದಳು.

"ನಂಗೂ ಹಂಗೇ ಅನಸ್ತಿತ್ತು" ಎಂದಳು ಪಕ್ಕದವಳು. "ಎಂಟ ದಿನದಿಂದ" ಎಂದಳು ಅದರಾಚೆಯವಳು.

ಗಿರಣಿಗೆ ಪದೇಪದೇ ಹೋಗುವ ಬೇಸರಕ್ಕೆ ಹದಿನೈದು ದಿನದ ಜೋಳವನ್ನು ಒಮ್ಮೆಲೇ ಬೀಸಿಸಿಟ್ಟವಳು ನಾನು. ಹಳೆಯ ಹಿಟ್ಟಿನ ರೊಟ್ಟಿ ಒಡೆಯುತ್ತದೆಂದು ಇವರಿಗೆ ಪಾಠ ಹೇಳಿದವಳೂ ನಾನೇ. ಎಂಟು ದಿನದಿಂದ ಅಷ್ಟು ಜನರ ಬೆರಳಿಗೆ ಗೊತ್ತಿದ್ದ ಸತ್ಯವನ್ನು ಜಮಖಾನದ ಮೇಲೆ ಕೂತು ಬಾಯಿಗೆ ಬಾರದಂತೆ ತಡೆದದ್ದು ನನ್ನ ಹಿರಿತನ. ಈ ಸೊಸೆ ಅದನ್ನು ಬರೀ ಪಾಳಿ ತಿರುಗಿಸಿ ಹೊರಗೆ ತೆಗೆದಿದ್ದಳು. ಸಿದ್ಧಮಾಡಿಕೊಂಡ ಬೈಗುಳವೆಲ್ಲ ಮರೆತು ಅವಳನ್ನೇ ನೋಡುತ್ತ ನಿಂತೆ.

"ಇವತ್ತಿಂದ ದಿನಾ ಬೀಸಸೋದು. ಶೋಭಾ, ಈಗೇ ಗಿರಣಿಗಿ ಹೋಗ. ಅತ್ತಿ, ನಿಮ್ಮ ಪಾಳಿ."

"ಬೀಸಿಸಿದಾಕಿ ನಾ. ತಪ್ಪ ನಂದು" ಎಂದೆ.

"ಆತ್ರಿ" ಎಂದಳು ಮಹಾದೇವಿ. ಕೂಡಲೇ, ಹೊಸ ಹಿಟ್ಟು ಬರುವವರೆಗೆಂದು ಹಂಚು ಇಳಿಸಿ ರೊಟ್ಟಿ ಬುಟ್ಟಿ ಒರೆಸಲು ಹೋದಳು.

ನೀವೇ ಹೇಳಿ, ಅತ್ತೆ-ಸೊಸೆಯ ನಡುವೆ ಇಂಥದೊಂದು ತಪ್ಪು ಎಷ್ಟು ವರ್ಷಕ್ಕೆ ಸಾಕಾಗಬಹುದಿತ್ತು? ಉಪ್ಪು ಹೆಚ್ಚಾದದ್ದಕ್ಕೇ ನನ್ನ ಅತ್ತೆ ಸಾಯುವವರೆಗೂ ನನ್ನನ್ನು ಆಡಿಕೊಂಡರು. ಸಂಜೆಯವರೆಗೆ ಒಂದು ಕುಟುಕು ಮಾತಿಗಾಗಿ ಕಾದೆ. ಬರಲಿಲ್ಲ. ಬಂದದ್ದು ವಾರ್ಡನಳ ಫೋನು: ನಾಳೆಗೂ ಇಂಥವೇ ಕಳಿಸಿ ಎಂದು.

ಈಗ ದಿನವೂ ಕೊನೆಗೆ ನಿಲ್ಲುತ್ತೇನೆ. ಮೊಣಕಾಲು ನೋಯುತ್ತದೆ. ಶೋಭಾ ಕುರ್ಚಿ ತಂದರೆ ಬೇಡವೆನ್ನುತ್ತೇನೆ. ಕೂತರೆ ನಾನು ಬಹಳ ಮಾತಾಡುತ್ತೇನೆ.